ಸರ್ವಿಸ್ ಪುಸ್ತಕದ ಮುದ್ರೆ ಮತ್ತು ಆಪ್ತವಾಕ್ಯ

ವಾಹನವನ್ನು ನಿಯತಕಾಲಕ್ಕೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಒಪ್ಪಿಸಬೇಕೆ, ಇಲ್ಲವೆ ಎಂಜಿನ್ ಆಯಿಲ್ ಬದಲಾಯಿಸುವುದು, ಏರ್ ಫಿಲ್ಟರ್ ಹಾಕುವುದು, ಬೈಕಿನ ಚೈನ್ ಬಿಗಿ ಮಾಡುವುದು ಮುಂತಾದ ಮಾಮೂಲು ಕೆಲಸಗಳನ್ನು ಮಾಲೀಕರೇ ಮನೆಯಂಗಳದಲ್ಲಿ ಮಾಡಿಕೊಳ್ಳಬೇಕೆ ಎಂಬ ಪ್ರಶ್ನೆ ಹೆಚ್ಚಾಗಿ ಹಣದ ಮತ್ತು ಸಮಯದ ಲೆಕ್ಕವಾಗಿಯೇ ಚರ್ಚೆಗೆ ಬರುತ್ತದೆ. ಆ ಲೆಕ್ಕ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಹಳೆಯದೊಂದು ಪ್ರಶ್ನೆ ಇದೆ: ಕಣ್ಣಾರೆ ಕಾಣದ ವಿಷಯದಲ್ಲಿ ಇನ್ನೊಬ್ಬರ ಮಾತನ್ನು ಮನುಷ್ಯ ಯಾವ ಆಧಾರದ ಮೇಲೆ ನಂಬಬಹುದು, ಮತ್ತು ಹಾಗೆ ನಂಬಿ ನಡೆದಾಗ ಒದಗುವ ಫಲಕ್ಕೆ ಹೊಣೆ ಯಾರು? ಸರ್ವಿಸ್ ಪುಸ್ತಕದಲ್ಲಿ ಬೀಳುವ ಮುದ್ರೆ ಇಂತಿಷ್ಟು ಕಿಲೋಮೀಟರಿಗೆ ಇಂತಿಂಥ ಕೆಲಸ ಮುಗಿದಿದೆ ಎಂದು ಸಾರುವ ಒಂದು ವಾಕ್ಯ. ಬ್ರೇಕ್ ಆಯಿಲ್ ಬದಲಾಯಿಸಲಾಗಿದೆ ಎಂದು ಬಿಲ್ಲಿನಲ್ಲಿ ಬರೆದಿರುವುದನ್ನು ಓದಿ, ಹಣ ಕೊಟ್ಟು, ಮರುದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವವರು ಆ ವಾಕ್ಯದ ಮೇಲೆ ತಮ್ಮ ಮತ್ತು ತಮ್ಮವರ ಪ್ರಾಣವನ್ನೇ ಇಟ್ಟಿರುತ್ತಾರೆ.

ಯಥಾರ್ಥವಾದ ಅರಿವನ್ನು ತಂದುಕೊಡುವ ಸಾಧನಕ್ಕೆ ದರ್ಶನಗಳಲ್ಲಿ ಪ್ರಮಾಣವೆಂದು ಹೆಸರು. ಆ ಅರಿವು ಯಥಾರ್ಥವಾಗಿರುವಿಕೆಗೆ ಪ್ರಾಮಾಣ್ಯವೆಂದು ಹೆಸರು. ನ್ಯಾಯದರ್ಶನ ಒಪ್ಪುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳಲ್ಲಿ ಶಬ್ದವೆಂದರೆ ಆಪ್ತನ ಮಾತು, ಅಂದರೆ ನಂಬಲು ಅರ್ಹನಾದವನ ಉಪದೇಶ. ಆಪ್ತ ಯಾರು ಎಂಬುದಕ್ಕೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣ ಬಹಳ ಬಿಗಿಯಾದದ್ದು: ವಸ್ತುವನ್ನು ತಾನೇ ನೇರವಾಗಿ ಅರಿತವನು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು, ಆ ಇಚ್ಛೆಯಿಂದಲೇ ಮಾತಿಗೆ ತೊಡಗಿದವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತ ಸೇರಿಸುತ್ತಾನೆ. ಆಡುವವನ ಹುಟ್ಟಾಗಲಿ ಪದವಿಯಾಗಲಿ ಮಾತಿಗೆ ಪ್ರಾಮಾಣ್ಯ ತರುವುದಿಲ್ಲ, ಅವನು ಕಂಡಿದ್ದಾನೆಯೇ ಮತ್ತು ಕಂಡಂತೆ ಹೇಳುತ್ತಿದ್ದಾನೆಯೇ ಎಂಬುದಷ್ಟೇ ಮುಖ್ಯ ಎಂಬ ಈ ನಿಲುವನ್ನು ಒಪ್ಪಿದರೆ, ಗಾಜಿನ ಗೋಡೆಯ ಶೋರೂಮಿಗೂ ತಗಡಿನ ಶೆಡ್ಡಿನ ಗ್ಯಾರೇಜಿಗೂ ಒಂದೇ ಅಳತೆಗೋಲನ್ನು ಹಿಡಿಯಬೇಕಾಗುತ್ತದೆ.

ಆ ಅಳತೆಗೋಲನ್ನು ಹಿಡಿದು ನೋಡಿದಾಗ ಅಧಿಕೃತ ಸರ್ವಿಸ್ ಸೆಂಟರಿನ ವ್ಯವಸ್ಥೆಯಲ್ಲಿ ಒಂದು ವಿಚಿತ್ರವಾದ ಒಡಕು ಕಾಣುತ್ತದೆ. ಅಲ್ಲಿ ವಾಹನವನ್ನು ಕೈಯಲ್ಲಿ ಮುಟ್ಟಿ ನೋಡುವವನು ಒಳಗಿನ ಅಂಕಣದಲ್ಲಿರುವ ಟೆಕ್ನೀಷಿಯನ್. ಮಾಲೀಕರೊಡನೆ ಮಾತನಾಡುವವನು ಕೌಂಟರಿನಲ್ಲಿರುವ ಸರ್ವಿಸ್ ಅಡ್ವೈಸರ್. ಬಿಲ್ಲು ಹಾಕುವವನು ಇನ್ನೊಬ್ಬ. ಕಂಡವನು ಹೇಳುವುದಿಲ್ಲ, ಹೇಳುವವನು ಕಂಡಿರುವುದಿಲ್ಲ. ವಾತ್ಸ್ಯಾಯನ ಒಬ್ಬನೇ ವ್ಯಕ್ತಿಯಲ್ಲಿ ಕೂಡಿರಬೇಕೆಂದ ಗುಣಗಳು ಇಲ್ಲಿ ಮೂರು ನಾಲ್ಕು ಜನರಲ್ಲಿ ಹಂಚಿಹೋಗಿ, ಅವರ ನಡುವೆ ಒಂದು ಜಾಬ್ ಕಾರ್ಡು, ಅಂದರೆ ಮಾಡಬೇಕಾದ ಕೆಲಸಗಳ ಚೀಟಿ, ಮಾತ್ರ ಓಡಾಡುತ್ತಿರುತ್ತದೆ. ಇದರಿಂದ ಆ ಸಂಸ್ಥೆಯ ಮಾತು ಸುಳ್ಳೆಂದು ಸಿದ್ಧವಾಗುವುದಿಲ್ಲ. ಸಂಸ್ಥೆಗೆ ತರಬೇತಿ ಪಡೆದ ಕೆಲಸಗಾರರಿದ್ದಾರೆ, ವಾಹನದ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಇದೆ, ಆಯಾ ಮಾದರಿಗೆ ಇಂತಿಷ್ಟೇ ಬಿಗಿ ಎಂದು ಗೊತ್ತುಮಾಡಿದ ಕೋಷ್ಟಕಗಳಿವೆ. ಸಂಸ್ಥೆಯನ್ನು ಆಪ್ತವೆಂದು ನಂಬುವುದಕ್ಕೆ ಒಬ್ಬ ಮನುಷ್ಯನನ್ನು ನಂಬುವುದಕ್ಕಿಂತ ಬೇರೆಯಾದ ಆಧಾರ ಬೇಕಾಗುತ್ತದೆ ಎಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಆ ಆಧಾರ ಎಂಥದ್ದಿರಬೇಕು ಎಂಬಲ್ಲಿ ಮೀಮಾಂಸಾದರ್ಶನವನ್ನು ಅನುಸರಿಸುವ ಮೀಮಾಂಸಕರಿಗೂ ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರಿಗೂ ಇದ್ದ ದೀರ್ಘವಾದ ಜಗಳ ನೆರವಿಗೆ ಬರುತ್ತದೆ. ಮೀಮಾಂಸಕರದು ಸ್ವತಃಪ್ರಾಮಾಣ್ಯವಾದ: ಅರಿವು ಹುಟ್ಟುತ್ತಲೇ ಪ್ರಮಾಣವಾಗಿಯೇ ಹುಟ್ಟುತ್ತದೆ, ಅದನ್ನು ಇನ್ನೊಂದು ಅರಿವಿನಿಂದ ಸಿದ್ಧಪಡಿಸಬೇಕಾಗಿಲ್ಲ, ಹಾಗೆ ಸಿದ್ಧಪಡಿಸಹೊರಟರೆ ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗಿ ಕೊನೆಯೇ ಇಲ್ಲವಾಗುತ್ತದೆ. ನೈಯಾಯಿಕರದು ಪರತಃಪ್ರಾಮಾಣ್ಯವಾದ: ಅರಿವಿನ ಸತ್ಯತೆ ಹೊರಗಿನಿಂದ, ಮುಖ್ಯವಾಗಿ ಅದನ್ನು ನಂಬಿ ನಡೆದಾಗ ಸಿಗುವ ಸಫಲತೆಯಿಂದ, ತಿಳಿಯುತ್ತದೆ, ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದಾಗ ತೀರ್ಮಾನವಾಗುತ್ತದೆ. ಸರ್ವಿಸ್ ಸೆಂಟರಿನ ಬಿಲ್ಲನ್ನು ನೋಡಿ ನಿಶ್ಚಿಂತರಾಗಿ ಹೊರಡುವವರು ತಿಳಿಯದೆಯೇ ಮೀಮಾಂಸಕರಾಗಿರುತ್ತಾರೆ. ಇದು ಅವಿವೇಕವಲ್ಲ, ಏಕೆಂದರೆ ಪ್ರತಿಯೊಂದು ಮಾತನ್ನೂ ಪರೀಕ್ಷಿಸಿ ಬಾಳಲು ಯಾರಿಗೂ ಆಯುಷ್ಯ ಸಾಲದು. ಆದರೆ ಮೀಮಾಂಸಕರ ನಂಬಿಕೆ ಕುರುಡಾದದ್ದಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಅವರಲ್ಲಿ ಪ್ರಮುಖನಾದ ಕುಮಾರಿಲ ಭಟ್ಟನ ಪ್ರಕಾರ ಹುಟ್ಟಿದ ಅರಿವನ್ನು ಎರಡು ಸಂದರ್ಭಗಳಲ್ಲಿ ಕೈಬಿಡಬೇಕು: ಅದಕ್ಕೆ ವಿರುದ್ಧವಾದ ಬಾಧಕಜ್ಞಾನ ಬಂದಾಗ, ಅಥವಾ ಅರಿವು ಹುಟ್ಟಿದ ಮೂಲದಲ್ಲೇ ದೋಷವಿದೆ ಎಂದು, ಅಂದರೆ ಕಾರಣದೋಷವಿದೆ ಎಂದು, ತಿಳಿದಾಗ. ಮಾತಿನ ವಿಷಯದಲ್ಲಿ ಕಾರಣದೋಷವೆಂದರೆ ಆಡುವವನ ಭ್ರಮೆ, ಅಜಾಗರೂಕತೆ, ವಂಚಿಸುವ ಆಸೆ.

ಕಾರಣದೋಷದ ಈ ಪರೀಕ್ಷೆಯನ್ನು ವಾಹನಗಳ ಮಾರುಕಟ್ಟೆಗೆ ಅನ್ವಯಿಸಲು ಯಾರ ಶೀಲವನ್ನೂ ಶಂಕಿಸಬೇಕಾಗಿಲ್ಲ, ವ್ಯವಸ್ಥೆಯ ರಚನೆಯನ್ನು ನೋಡಿದರೆ ಸಾಕು. ಏನು ಕೆಲಸ ಬೇಕೆಂದು ಹೇಳುವವನೂ ಆ ಕೆಲಸವನ್ನು ಮಾರುವವನೂ ಒಂದೇ ಸಂಸ್ಥೆಯವನಾಗಿರುವಲ್ಲಿ, ಹೆಚ್ಚು ಕೆಲಸ ಹೇಳಿದಷ್ಟೂ ಹೆಚ್ಚು ಆದಾಯವಾಗುವಲ್ಲಿ, ಲೋಭಕ್ಕೆ ಒಂದು ಬಾಗಿಲು ತೆರೆದೇ ಇರುತ್ತದೆ. ಕಂಪನಿಯ ಕೈಪಿಡಿಯಲ್ಲಿ ಎಲ್ಲಿಯೂ ಹೇಳಿರದ ಎಂಜಿನ್ ಶುದ್ಧೀಕರಣದ ದ್ರಾವಣ, ಬಣ್ಣಕ್ಕೆ ಹೊಳಪಿನ ಲೇಪ ಮುಂತಾದವು ಬಿಲ್ಲಿನೊಳಗೆ ಬರುವುದು ಆ ಬಾಗಿಲಿನಿಂದಲೇ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರ ವಿರುದ್ಧ ಆದೇಶ ಹೊರಡಿಸಿ, ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳೂ ದೋಷ ಪತ್ತೆಹಚ್ಚುವ ಉಪಕರಣಗಳೂ ಅಧಿಕೃತ ಜಾಲದ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅದರ ಮುಖ್ಯ ಆಕ್ಷೇಪ. ಪ್ರಕರಣ ಮುಂದೆ ಮೇಲ್ಮನವಿಗೆ ಹೋಯಿತು. ಆದರೆ ಪ್ರಮಾಣಶಾಸ್ತ್ರದ ದೃಷ್ಟಿಯಿಂದ ಆದೇಶದ ಮಹತ್ತ್ವ ದಂಡದ ಮೊತ್ತದಲ್ಲಿ ಇಲ್ಲ: ಸಾಧನಗಳನ್ನು ಬಚ್ಚಿಟ್ಟಾಗ ಬಾಧಕಜ್ಞಾನ ಹುಟ್ಟುವ ದಾರಿಯೇ ಮುಚ್ಚಿಹೋಗುತ್ತದೆ, ಬೇರೆಯವರು ನೋಡಿ ಹೀಗಲ್ಲ ಎಂದು ಹೇಳುವ ಸಾಧ್ಯತೆಯೇ ಇಲ್ಲದಿರುವಲ್ಲಿ ನಂಬಿಕೆ ನಂಬಿಕೆಯಾಗಿ ಉಳಿಯದೆ ನಿರುಪಾಯವಾಗುತ್ತದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯು, ತನ್ನಲ್ಲಿಯೇ ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು, ಆ ಸೇವೆ ಉಚಿತವಾಗಿಲ್ಲದಿದ್ದರೆ, ತಯಾರಕರು ಹಾಕದಂತೆ ತಡೆದದ್ದಕ್ಕೂ ಇದೇ ನ್ಯಾಯ ಹೊಂದುತ್ತದೆ.

ಹಾಗಾದರೆ ನೈಯಾಯಿಕರಂತೆ ಫಲವನ್ನು ನೋಡಿಯೇ ನಂಬುವುದು ಲೇಸೆನ್ನಬಹುದೇ? ಇಲ್ಲಿಯೇ ವಿಷಯ ಗಹನವಾಗುತ್ತದೆ. ಏರ್ ಫಿಲ್ಟರ್ ಬದಲಾಯಿಸಿದ್ದಾರೋ ಇಲ್ಲವೋ ಎಂಬುದನ್ನು ನಾಲ್ಕು ಕ್ಲಿಪ್ಪು ಬಿಚ್ಚಿ ನೋಡಬಹುದು. ಬ್ರೇಕ್ ಆಯಿಲಿನ ಮಾತು ಹಾಗಲ್ಲ. ಆ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ಅದರಲ್ಲಿ ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಘಟ್ಟದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತುತ್ತಲೇ ಇದ್ದಾಗ ದ್ರವ ಕಾದು ಕುದಿದು ಕೊಳವೆಯೊಳಗೆ ಆವಿಯಾದರೆ, ಆವಿ ಒತ್ತಡಕ್ಕೆ ಕುಗ್ಗುವುದರಿಂದ, ಪೆಡಲ್ ನೆಲ ಮುಟ್ಟಿದರೂ ಚಕ್ರ ನಿಲ್ಲುವುದಿಲ್ಲ. ಸರ್ವಿಸ್ ಸೆಂಟರಿನ ಮಾತು ಸುಳ್ಳೆಂದು ಪ್ರವೃತ್ತಿಯಿಂದ, ಎಂದರೆ ನಂಬಿ ನಡೆದು ನೋಡುವುದರಿಂದ, ತಿಳಿಯುವುದು ಆ ಹೊತ್ತಿಗೆ ಮಾತ್ರ, ಮತ್ತು ಆ ತಿಳಿವಳಿಕೆಯಿಂದ ಯಾರಿಗೂ ಉಪಯೋಗವಿಲ್ಲ.

ಫಲವನ್ನು ಮೊದಲೇ ನೋಡಲಾಗದ ವಿಷಯಗಳಲ್ಲಿ ಏನು ಮಾಡಬೇಕೆಂಬ ತೊಡಕು ನೈಯಾಯಿಕರಿಗೂ ಎದುರಾಗಿತ್ತು, ಏಕೆಂದರೆ ಅವರು ವೇದದ ಪ್ರಾಮಾಣ್ಯವನ್ನು ಸಮರ್ಥಿಸಬೇಕಾಗಿತ್ತು. ಯಜ್ಞದಿಂದ ಸ್ವರ್ಗ ಲಭಿಸುತ್ತದೆಯೇ ಎಂದು ಹೋಗಿ ನೋಡಿ ಬಂದು ಹೇಳುವವರಿಲ್ಲ. ನ್ಯಾಯಸೂತ್ರಗಳ ಎರಡನೆಯ ಅಧ್ಯಾಯ ಇದಕ್ಕೆ ಕೊಡುವ ಉತ್ತರ ಅದ್ಭುತವಾದದ್ದು. ಆಯುರ್ವೇದದ ಮತ್ತು ಮಂತ್ರಗಳ ಪ್ರಾಮಾಣ್ಯದಂತೆಯೇ ವೇದದ ಪ್ರಾಮಾಣ್ಯವೂ ಎಂದು ಅದು ವಾದಿಸುತ್ತದೆ: ಔಷಧಿಯ ವಿಷಯದಲ್ಲಿ ಹೇಳಿದ್ದು ರೋಗ ವಾಸಿಯಾಗುವುದರಿಂದ ಇಲ್ಲಿಯೇ ಪರೀಕ್ಷೆಗೆ ಸಿಕ್ಕಿ ನಿಜವಾಗಿದೆ, ಅದನ್ನು ಹೇಳಿದ ಆಪ್ತರೇ ಕಾಣದ ವಿಷಯವನ್ನೂ ಹೇಳಿದ್ದಾರೆ, ಆದ್ದರಿಂದ ಕಂಡದ್ದರಲ್ಲಿ ನಿಜವಾದವರನ್ನು ಕಾಣದ್ದರಲ್ಲಿಯೂ ನಂಬಬಹುದು. ವೇದದ ವಿಷಯದಲ್ಲಿ ಈ ವಾದ ಎಷ್ಟು ಗಟ್ಟಿ ಎಂಬುದು ಬೇರೆ ಮಾತು. ಮನುಷ್ಯರು ಮನುಷ್ಯರನ್ನು ನಂಬುವ ಬಗೆಗೆ ಇದಕ್ಕಿಂತ ವಿವೇಕದ ಮಾರ್ಗ ಸಿಕ್ಕುವುದು ಕಷ್ಟ. ಮಾಲೀಕರು ತಾವೇ ಮಾಡಬಲ್ಲ ಸಣ್ಣ ಕೆಲಸಗಳ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ ಡಿಪ್‌ಸ್ಟಿಕ್ ತೆಗೆದು, ಅಂದರೆ ಎಣ್ಣೆಯ ಮಟ್ಟ ತೋರುವ ಕಡ್ಡಿಯನ್ನು ಎಳೆದು, ನೋಡುವುದು. ಟೈರು ತಣ್ಣಗಿರುವಾಗ ಗಾಳಿಯ ಒತ್ತಡ ಅಳೆಯುವುದು. ಸ್ಟೆಪ್ನಿಗೂ ಗಾಳಿ ಹಾಕಿದ್ದಾರೆಯೇ ಎಂದು ಪರೀಕ್ಷಿಸುವುದು. ಏರ್ ಫಿಲ್ಟರನ್ನು ಬಿಚ್ಚಿ ನೋಡುವುದು: ಇವುಗಳಿಂದ ಉಳಿಯುವ ಹಣ ಅಲ್ಪವೇ ಇರಬಹುದು, ಆದರೆ ಕೆಲಸ ಮಾಡಿದವರ ಮಾತು ಕಾಣುವ ಎಡೆಗಳಲ್ಲಿ ನಿಜವೋ ಅಲ್ಲವೋ ಎಂಬುದನ್ನು ಇವು ತಿಳಿಸುತ್ತವೆ. ಬಿಲ್ಲಿನಲ್ಲಿ ಬರೆದ ಹೊಸ ಫಿಲ್ಟರು ಪೆಟ್ಟಿಗೆಯೊಳಗೆ ಹಳೆಯದೇ ಆಗಿದ್ದರೆ, ಅದೇ ಬಿಲ್ಲಿನ ಬ್ರೇಕ್ ಆಯಿಲಿನ ಸಾಲನ್ನು ನಂಬಲು ಕಾರಣ ಉಳಿಯುವುದಿಲ್ಲ.

ಉಡುಪಿಯ ಮಧ್ವಾಚಾರ್ಯರ ಪರಂಪರೆ ಸ್ವತಃಪ್ರಾಮಾಣ್ಯವನ್ನೇ ಒಪ್ಪಿದರೂ, ಪ್ರಾಮಾಣ್ಯವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮನ ಒಳಗಿನ ಅರಿಯುವ ಶಕ್ತಿ, ಎಂದೂ, ಸಂಶಯ ಎದ್ದಲ್ಲಿ ಅದು ಪರೀಕ್ಷೆಯ ನೆರವು ಪಡೆದು ನಿಶ್ಚಯಕ್ಕೆ ಬರುತ್ತದೆಂದೂ ಹೇಳುತ್ತದೆ. ಮೇಲಿನ ಎರಡು ನಿಲುವುಗಳ ನಡುವೆ ದಿನನಿತ್ಯದ ಬದುಕು ನಡೆಯುವ ರೀತಿಗೆ ಈ ಮಾತು ಹತ್ತಿರವಾಗಿದೆ.

ಎಲ್ಲವನ್ನೂ ತಾವೇ ಮಾಡಿಕೊಂಡರೆ ಶಬ್ದಪ್ರಮಾಣದ ಗೊಡವೆಯೇ ಇಲ್ಲ, ಪ್ರತ್ಯಕ್ಷವೇ ಸಾಕು ಎಂದು ಭಾವಿಸುವವರೂ ಇದ್ದಾರೆ. ಆದರೆ ನ್ಯಾಯಸೂತ್ರ ಪ್ರತ್ಯಕ್ಷಕ್ಕೂ ಷರತ್ತುಗಳನ್ನು ಹಾಕುತ್ತದೆ. ಅದು ಅವ್ಯಭಿಚಾರಿ, ಅಂದರೆ ವಸ್ತುವನ್ನು ತಪ್ಪದೆ ಹಿಡಿಯುವಂಥದ್ದು, ಮತ್ತು ವ್ಯವಸಾಯಾತ್ಮಕ, ಅಂದರೆ ಸಂಶಯವಿಲ್ಲದ್ದು, ಆಗಿರಬೇಕು. ಪಳಗದ ಕಣ್ಣಿಗೆ ಕಂಡದ್ದೆಲ್ಲ ಹಾಗಿರುವುದಿಲ್ಲ. ಡೀಸೆಲ್ ಎಂಜಿನಿನ ಆಯಿಲ್ ಹೊಸದಾಗಿ ಹಾಕಿದ ಕೆಲವೇ ಕಿಲೋಮೀಟರುಗಳಲ್ಲಿ ಮಸಿ ಸೇರಿ ಕಪ್ಪಾಗುತ್ತದೆ. ಅದನ್ನು ಕಂಡು ಆಯಿಲ್ ಬದಲಾಯಿಸದೆ ಮೋಸ ಮಾಡಿದ್ದಾರೆಂದು ತೀರ್ಮಾನಿಸುವವರು ಕಣ್ಣಾರೆ ಕಂಡೂ ತಪ್ಪಿದವರಾಗುತ್ತಾರೆ. ಕೈಯ ವಿಷಯವೂ ಅಷ್ಟೆ. ಎಂಜಿನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಗೆ ಸಂಪ್ ಎನ್ನುತ್ತಾರೆ. ಅದು ಅಲ್ಯೂಮಿನಿಯಮ್ಮಿನದಾಗಿದ್ದು, ಹಳೆ ಎಣ್ಣೆ ಬಸಿಯುವ ಡ್ರೇನ್ ಬೋಲ್ಟನ್ನು ಅಂದಾಜಿನ ಮೇಲೆ ಅತಿಯಾಗಿ ಬಿಗಿದರೆ ಬೋಲ್ಟು ಕೂರುವ ತೂತಿನ ತಿರುಪು ಗೆರೆಗಳು ಸವೆದುಹೋಗುತ್ತವೆ, ಸಡಿಲ ಬಿಟ್ಟರೆ ದಾರಿಯಲ್ಲಿ ಎಣ್ಣೆ ಸೋರಿ ಎಂಜಿನ್ನೇ ಹಾಳಾಗುತ್ತದೆ. ಅದಕ್ಕಾಗಿಯೇ ಎಷ್ಟು ಬಲದಿಂದ ತಿರುಗಿಸಲಾಗುತ್ತಿದೆ ಎಂದು ತೋರಿಸುವ ಟಾರ್ಕ್ ರೆಂಚ್ ಎಂಬ ಉಪಕರಣವಿದೆ. ಬರಿಯ ಜಾಕಿನ ಆಸರೆಯಲ್ಲಿ ನಿಂತ ಕಾರಿನ ಅಡಿಗೆ ನುಸುಳುವುದಂತೂ ಸಾವನ್ನು ಕರೆದುಕೊಂಡಂತೆ. ಏರ್‌ಬ್ಯಾಗಿನ ಜೋಡಣೆ, ಕಿತ್ತಳೆ ಬಣ್ಣದ ಹೊದಿಕೆಯಿಂದ ಗುರುತಿಸುವ ವಿದ್ಯುತ್ ವಾಹನಗಳ ಹೈ ವೋಲ್ಟೇಜ್ ತಂತಿಗಳು, ಇವು ತರಬೇತಿ ಇಲ್ಲದವರು ಮುಟ್ಟಬಾರದಂಥವು. ತನ್ನನ್ನು ತಾನೇ ಆಪ್ತನೆಂದು ಒಪ್ಪಿಕೊಳ್ಳುವ ಮುನ್ನವೂ ವಾತ್ಸ್ಯಾಯನನ ಲಕ್ಷಣ ತನಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳುವುದು ಅಗತ್ಯ.

ರಾಬರ್ಟ್ ಪಿರ್ಸಿಗ್ ಎಂಬ ಅಮೆರಿಕನ್ ಲೇಖಕ, ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ ಕೆಲಕಾಲ ತತ್ತ್ವಶಾಸ್ತ್ರ ಓದಿದವನು, 1974ರಲ್ಲಿ ಪ್ರಕಟಿಸಿದ ‘ಜೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಎಂಬ ಕೃತಿ ಈ ವಿಷಯದ ಮೇಲಿನ ಅತ್ಯಂತ ಪ್ರಸಿದ್ಧ ಗ್ರಂಥ. ಅದರ ನಿರೂಪಕ ತನ್ನ ಬೈಕನ್ನು ತಾನೇ ನೋಡಿಕೊಳ್ಳುತ್ತಾನೆ, ಅವನ ಗೆಳೆಯ ಎಲ್ಲವನ್ನೂ ಮೆಕ್ಯಾನಿಕ್ಕಿಗೆ ಬಿಡುತ್ತಾನೆ. ಸಡಿಲವಾದ ಹ್ಯಾಂಡಲ್ಲಿಗೆ ಬಿಯರ್ ಡಬ್ಬಿಯ ತಗಡಿನ ತುಂಡನ್ನು ಕತ್ತರಿಸಿ ಕೊಡುವೆನೆಂದಾಗ ಗೆಳೆಯನಿಗೆ ತನ್ನ ಬೆಲೆಬಾಳುವ ಬೈಕಿಗೆ ಅವಮಾನವಾದಂತೆನಿಸುತ್ತದೆ. ಯಂತ್ರದ ಬಗೆಗಿನ ಅಕ್ಕರೆಯೂ ಅದರ ತಿಳಿವಳಿಕೆಯೂ ಬೇರೆಬೇರೆಯಲ್ಲ ಎಂಬುದನ್ನು ಆ ಗ್ರಂಥ ಗಾಢವಾಗಿ ತೋರಿಸುತ್ತದೆ. ಆದರೆ ಅಲ್ಲಿ ವಿಚಾರದ ಕೇಂದ್ರ ಒಬ್ಬ ಮನುಷ್ಯ ಮತ್ತು ಒಂದು ಯಂತ್ರ. ಯಂತ್ರವನ್ನು ಬಲ್ಲ ಇನ್ನೊಬ್ಬ ಮನುಷ್ಯನೊಡನೆ ಇರಬೇಕಾದ ಸಂಬಂಧದ ವಿಚಾರ ತೆಳುವಾಗಿಯೇ ಉಳಿಯುತ್ತದೆ. ಆ ಕೊರತೆಯನ್ನು ತುಂಬಲು ಕನ್ನಡದ ಶರಣರ ಕಡೆಗೆ ತಿರುಗಬೇಕು.

ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದು ಕರೆದದ್ದು ಜೀವನೋಪಾಯಕ್ಕಾಗಿ ನಿಷ್ಠೆಯಿಂದ ಮಾಡುವ, ಪೂಜೆಗೆ ಸಮನಾದ ದುಡಿಮೆಯನ್ನು. ಆ ದುಡಿಮೆಯ ಫಲವನ್ನು ಸಮಾಜಕ್ಕೆ ಸಲ್ಲಿಸುವುದನ್ನು ದಾಸೋಹವೆಂದರು. ಕಾಯಕತತ್ತ್ವವನ್ನು ಎಲ್ಲ ಕೆಲಸವನ್ನೂ ತಾನೇ ಮಾಡಿಕೊಳ್ಳಬೇಕೆಂಬ ಸ್ವಾವಲಂಬನೆಯೆಂದು ಓದುವುದು ಸರಿಯಾಗದು. ಮಡಿವಾಳ ಮಾಚಿದೇವ ಬಟ್ಟೆ ಒಗೆದ, ಅಂಬಿಗರ ಚೌಡಯ್ಯ ದೋಣಿ ನಡೆಸಿದ, ನುಲಿಯ ಚಂದಯ್ಯ ಹಗ್ಗ ಹೊಸೆದ. ಒಬ್ಬರು ಇನ್ನೊಬ್ಬರ ಕಾಯಕಕ್ಕೆ ತಲೆಬಾಗಿದರು. ಆ ದೃಷ್ಟಿಯಲ್ಲಿ ವಾಹನವನ್ನು ಬಲ್ಲವರಿಗೆ ಒಪ್ಪಿಸುವುದರಲ್ಲಿ ಕೀಳಾದದ್ದೇನೂ ಇಲ್ಲ. ಕೈಗೆ ಗ್ರೀಸು ಹತ್ತುವುದು ತಮ್ಮಂಥವರಿಗೆ ತಕ್ಕುದಲ್ಲ ಎಂಬ ಭಾವನೆಯಿಂದ ಒಪ್ಪಿಸಿದಾಗ ಮಾತ್ರ ಅದು ಶರಣರು ಎದುರಿಸಿ ನಿಂತ ಶ್ರೇಣೀಕರಣದ ಹೊಸ ರೂಪವಾಗುತ್ತದೆ, ಮತ್ತು ಆ ಭಾವನೆ ಇಂದಿಗೂ ಅಳಿದಿಲ್ಲ. ಮಹಾನವಮಿಯ ಆಯುಧಪೂಜೆಯಂದು ಗ್ಯಾರೇಜುಗಳಲ್ಲಿ ಸ್ಪ್ಯಾನರಿಗೂ ಜಾಕಿಗೂ ಅರಿಸಿನ ಕುಂಕುಮ ಹಚ್ಚುತ್ತಾರೆ, ಮನೆಗಳಲ್ಲಿ ವಾಹನ ತೊಳೆದು ಬಾಳೆಕಂದು ಕಟ್ಟಿ ಹೂ ಏರಿಸುತ್ತಾರೆ. ಉಪಕರಣವನ್ನು ದಿನವೂ ಹಿಡಿಯುವ ಕೈಯೇ ಅದನ್ನು ಪೂಜಿಸುವುದು ಈ ಹಬ್ಬದ ತಿರುಳಾಗಿರುವುದರಿಂದ, ಬಾನೆಟ್ಟನ್ನು ಒಮ್ಮೆಯಾದರೂ ತೆರೆದು ಒಳಗೇನಿದೆಯೆಂದು ಅರಿತ ಮಾಲೀಕರ ಪೂಜೆಗೆ ಹೆಚ್ಚಿನ ಅರ್ಥವಿರುತ್ತದೆ ಎನ್ನಬೇಕಾಗುತ್ತದೆ.

ಮಾಡುವವರ ಕಡೆಯಿಂದ ನೋಡಿದರೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ಒದಗುತ್ತದೆ. ಗಂಡ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು; ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಇದು ಆಸೆಯ ಫಲವೆಂದು ತಿಳಿದ ಲಕ್ಕಮ್ಮ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳಿಸಿದಳು. ಅಗತ್ಯಕ್ಕಿಂತ ಹೆಚ್ಚಿನದು ಸೇರಿದ ಕ್ಷಣವೇ ಕಾಯಕ ಕೆಡುತ್ತದೆ ಎಂಬ ಅವಳ ನಿಲುವಿನ ಎದುರು, 10,000 ಕಿಲೋಮೀಟರಿಗೆ ಬದಲಾಯಿಸಬೇಕಾದ ಎಣ್ಣೆಯನ್ನು ಕಾರಣವಿಲ್ಲದೆ 5,000ಕ್ಕೇ ಬದಲಾಯಿಸಬೇಕೆಂದು ಒತ್ತಾಯಿಸುವ ಕೌಂಟರು ನಿಲ್ಲಲಾರದು. ಮಾಲೀಕರಿಗೂ ಅದೇ ಮಾತು ತಾಗುತ್ತದೆ. ಕೂಲಿಯನ್ನು ಉಳಿಸಿದೆನೆಂಬ ಸಂತೋಷದಲ್ಲಿ ಬಸಿದ ಎಣ್ಣೆಯನ್ನು ಚರಂಡಿಗೋ ಮಣ್ಣಿಗೋ ಸುರಿದರೆ, ಉಳಿಸಿದ್ದನ್ನು ಊರಿನ ನೀರಿನಿಂದ ಕಿತ್ತುಕೊಂಡಂತಾಗುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅದನ್ನು ಡಬ್ಬಿಯಲ್ಲಿ ತುಂಬಿ ಸಂಗ್ರಹಿಸುವ ಗ್ಯಾರೇಜಿಗೆ ಮುಟ್ಟಿಸುವುದೂ ಕೆಲಸದ ಭಾಗವೇ.

ಡೀಲರೋ ತಾನೋ ಎಂಬ ಇಬ್ಬಗೆಯ ಪ್ರಶ್ನೆ ಕರ್ನಾಟಕದ ಊರುಗಳಲ್ಲಿ ಪೂರ್ತಿ ಹೊಂದುವುದೂ ಇಲ್ಲ, ಏಕೆಂದರೆ ಇಲ್ಲಿ ಮೂರನೆಯವನೊಬ್ಬನಿದ್ದಾನೆ: ಬೀದಿಯ ಗ್ಯಾರೇಜಿನ ಮೆಕ್ಯಾನಿಕ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗಳು ಬೆಳೆದದ್ದು ಬಹುಮಟ್ಟಿಗೆ ಇಂಥವರ ಮೂಲಕವೇ. ಅವನ ಬಳಿ ಮಾಲೀಕರು ಪಕ್ಕದಲ್ಲೇ ನಿಂತು ನೋಡಬಹುದು, ತೆಗೆದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಕೇಳಬಹುದು; ಕಂಡವನೂ ಹೇಳುವವನೂ ಮಾಡಿದವನೂ ಒಬ್ಬನೇ ಆಗಿರುವುದರಿಂದ ಆಪ್ತಲಕ್ಷಣ ಒಡೆಯದೆ ಉಳಿದಿರುತ್ತದೆ. ಹೊಸ ವಾಹನಗಳ ಕಂಪ್ಯೂಟರುಗಳು ಅವನ ಕೈಗೆ ಎಟಕುತ್ತಿಲ್ಲವೆಂಬುದು ಅವನೊಬ್ಬನ ಸಂಕಟವಲ್ಲ, ಒಂದು ಬಗೆಯ ನಂಬಿಕೆಯೇ ಸಮಾಜದಿಂದ ಕಳೆದುಹೋಗುತ್ತಿರುವ ಸಂಕಟ. ವಾರಂಟಿಯ ಅವಧಿ ಮುಗಿಯುವವರೆಗೆ ಅಧಿಕೃತ ಸೆಂಟರಿನಲ್ಲಿ ಸರ್ವಿಸ್ ಮಾಡಿಸಿ, ಕಾಣುವ ಭಾಗಗಳನ್ನು ತಾವೇ ಪರೀಕ್ಷಿಸುತ್ತ, ಆಮೇಲೆ ಎಣ್ಣೆ, ಫಿಲ್ಟರ್, ಚೈನಿನಂಥ ಕೆಲಸಗಳನ್ನು ಕಲಿತು ಮಾಡಿಕೊಳ್ಳುತ್ತ, ಬ್ರೇಕಿನಂಥವನ್ನು ಪರೀಕ್ಷೆಯಲ್ಲಿ ಗೆದ್ದ ಕೈಗೆ ಒಪ್ಪಿಸುವುದು ಹೆಚ್ಚಿನವರಿಗೆ ಯುಕ್ತವಾದ ಮಾರ್ಗ.

ಉಳಿದದ್ದು ಹೊಣೆಯ ಪ್ರಶ್ನೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ ಎಂಬ ಆಶ್ರಯ, ಕರ್ತೃ, ಕರಣಗಳೆಂಬ ಸಾಧನಗಳು, ಬಗೆಬಗೆಯ ಚೇಷ್ಟೆಗಳು, ಮತ್ತು ದೈವ. ತಾನೊಬ್ಬನೇ ಕರ್ತೃವೆಂದು ತಿಳಿಯುವವನನ್ನು ಗೀತೆ ದುರ್ಮತಿ ಎನ್ನುತ್ತದೆ. ಘಟ್ಟದಲ್ಲಿ ಬ್ರೇಕು ಕೈಕೊಟ್ಟರೆ ಟೆಕ್ನೀಷಿಯನ್, ಸಂಸ್ಥೆ, ದ್ರವ, ರಸ್ತೆಯ ಇಳಿಜಾರು, ಚಾಲಕ ಇವರೆಲ್ಲರಲ್ಲಿ ಕಾರಣ ಹಂಚಿರುತ್ತದೆ. ಆದರೆ ಕಾರಣ ಹಂಚಿಹೋಗಿದೆ ಎಂದಮಾತ್ರಕ್ಕೆ ಕರ್ತೃವಿನ ಪಾಲು ಅಳಿಸಿಹೋಗುವುದಿಲ್ಲ, ಏಕೆಂದರೆ ಐದರಲ್ಲಿ ಅದೂ ಒಂದಾಗಿಯೇ ಎಣಿಕೆಯಾಗಿದೆ. ಆ ಪಾಲು ಎಷ್ಟು ಎಂಬುದನ್ನು 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮು ಗುರುತಿಸುವ ರೀತಿ ದಾರ್ಶನಿಕರೂ ಮೆಚ್ಚುವಂಥದ್ದು: ಅಪಾಯ ತರಬಲ್ಲ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರು, ಆ ದೋಷ ತಿಳಿದಿದ್ದಾಗ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದಾಗಲೂ ಶಿಕ್ಷೆಗೆ ಅರ್ಹರು. ಗೇರ್‌ಬಾಕ್ಸಿನೊಳಗಿನ ಬಿರುಕನ್ನು ಸಾಮಾನ್ಯ ಎಚ್ಚರಿಕೆ ಕಂಡುಹಿಡಿಯಲಾರದು, ಅದು ಬಲ್ಲವರ ಪಾಲು. 1.6 ಮಿಲಿಮೀಟರಿಗೆ ಸವೆದ ಕಾರಿನ ಟೈರು, ಉರಿಯದ ಬ್ರೇಕ್ ದೀಪ, ಕನಿಷ್ಠ ಗೆರೆಗಿಂತ ಕೆಳಗಿಳಿದ ಬ್ರೇಕ್ ಆಯಿಲು ಯಾರ ಕಣ್ಣಿಗೂ ಕಾಣುವಂಥವು, ಮತ್ತು ಇವುಗಳ ವಿಷಯದಲ್ಲಿ ಕಳೆದ ತಿಂಗಳು ಇನ್ನೊಬ್ಬರು ನೋಡಿದ್ದಾರೆ ಎಂಬ ಉತ್ತರಕ್ಕೆ ಆ ಕಲಮಿನಲ್ಲಿ ಎಡೆಯಿಲ್ಲ.